ಮಾತ್ರೆಯೋ, ಶಸ್ತ್ರಚಿಕಿತ್ಸೆಯೋ? ದೇವರ ಚಿತ್ತ ಯಾವುದು?



ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಬರುವ ಆ ತಾಯಿಯನ್ನು ನೀವೆಲ್ಲರೂ ಬಲ್ಲಿರಿ. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳು. ಅನೇಕ ವೈದ್ಯರ ಬಳಿ ಅಲೆದು, ಕೈಯಲ್ಲಿದ್ದುದನ್ನೆಲ್ಲ ಕಳೆದುಕೊಂಡರೂ ರೋಗ ಮಾತ್ರ ಹೆಚ್ಚುತ್ತಲೇ ಹೋಯಿತು. ಅವಳು ಯೇಸುಸ್ವಾಮಿಯ ಎದುರಿಗೆ ಬಂದು ನಿಲ್ಲಲಿಲ್ಲ. ಜನರ ಗುಂಪಿನ ಮರೆಯಲ್ಲಿ ಹಿಂದಿನಿಂದ ಬಂದಳು. ಏಕೆಂದರೆ ಅವಳ ಕಾಯಿಲೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವಂಥದ್ದಾಗಿರಲಿಲ್ಲ.

ಅಂಥ ಕಾಯಿಲೆಗಳು ಇಂದೂ ಇವೆ. ಭಾನುವಾರದ ಬಲಿಪೂಜೆಗೆ ಬಂದು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುವವರಲ್ಲಿ ಎಲ್ಲರೂ ಭಕ್ತಿ ಕಡಿಮೆಯಾದವರಲ್ಲ. ಕೆಲವರಿಗೆ ಯಾವ ಗಳಿಗೆಯಲ್ಲಿ ಎದ್ದು ಓಡಬೇಕಾದೀತೋ ಎಂಬ ಭಯವಿರುತ್ತದೆ. ದೂರದ ಬಸ್ಸು ಹತ್ತಲು, ಮದುವೆ ಊಟಕ್ಕೆ ಕೂರಲು, ತಮ್ಮ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಲು ಸಹ ಅವರು ಹಿಂಜರಿಯುತ್ತಾರೆ. ಈ ವಾರ ಅಂಥದೊಂದು ಕಾಯಿಲೆಯ ಬಗ್ಗೆ, ಅದು ಮಧ್ಯವಯಸ್ಸಿನಲ್ಲಿ ತಂದೊಡ್ಡುವ ಒಂದು ಕಠಿಣ ತೀರ್ಮಾನದ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ವೈದ್ಯರು ಅದನ್ನು ಅಲ್ಸರೇಟಿವ್ ಕೊಲೈಟಿಸ್ ಎನ್ನುತ್ತಾರೆ. ದೊಡ್ಡ ಕರುಳಿನ ಒಳಪದರ ಕೆಂಪೇರಿ, ಹುಣ್ಣಾಗಿ, ರಕ್ತ ಒಸರುವ ರೋಗವದು.

ರೋಗವನ್ನು ಮೊದಲು ಅರಿಯೋಣ

ಈ ಉರಿಯೂತ ಗುದನಾಳದಲ್ಲಿ ಆರಂಭವಾಗಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ಕೆಲವರಲ್ಲಿ ಅಲ್ಲಿಗೇ ನಿಲ್ಲುತ್ತದೆ, ಕೆಲವರಲ್ಲಿ ಇಡೀ ದೊಡ್ಡ ಕರುಳನ್ನು ಆವರಿಸುತ್ತದೆ. ಮಲದೊಡನೆ ರಕ್ತ ಮತ್ತು ಲೋಳೆ ಹೋಗುವುದು, ದಿನಕ್ಕೆ ಹಲವು ಬಾರಿ ಭೇದಿ, ತಡೆಯಲಾಗದ ಅವಸರ, ಹೊಟ್ಟೆನೋವು, ರಕ್ತಹೀನತೆ, ಸುಸ್ತು, ಇವು ಅದರ ಲಕ್ಷಣಗಳು. ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಕೆರಳುವುದು ಅದರ ಸ್ವಭಾವ. ನಮ್ಮಲ್ಲಿ ಎಷ್ಟೋ ಜನ ಇದನ್ನು ಮೂಲವ್ಯಾಧಿ ಎಂದೋ ಆಮಶಂಕೆ ಎಂದೋ ತಿಳಿದು ವರ್ಷಗಟ್ಟಲೆ ಸುಮ್ಮನಿರುತ್ತಾರೆ. ಕೊಲೊನೋಸ್ಕೋಪಿ ಮಾಡಿ, ಕರುಳಿನ ಚೂರೊಂದನ್ನು ತೆಗೆದು ಪರೀಕ್ಷಿಸಿದ ಮೇಲೆಯೇ ರೋಗ ಖಚಿತವಾಗುತ್ತದೆ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇರುವುದರಿಂದ ಈ ಪರೀಕ್ಷೆ ಇನ್ನಷ್ಟು ಮುಖ್ಯ.

ಮೂರು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಇದು ಅಂಟುರೋಗವಲ್ಲ. ಪಾಪದ ಶಿಕ್ಷೆಯಂತೂ ಅಲ್ಲವೇ ಅಲ್ಲ. ಖಾರ ತಿಂದದ್ದರಿಂದಲೋ ಹೆಂಡತಿ ಸರಿಯಾಗಿ ಅಡುಗೆ ಮಾಡದ್ದರಿಂದಲೋ ಬಂದದ್ದೂ ಅಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕರುಳಿನ ಮೇಲೆ ತಿರುಗಿಬೀಳುವುದರಿಂದ ಇದು ಉಂಟಾಗುತ್ತದೆ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಎರಡನ್ನೂ ನಿರಾಕರಿಸಿದರು (ಯೊವಾನ್ನ 9:1-3). ಆ ಉತ್ತರ ಈ ರೋಗಿಗಳಿಗೂ ಸಲ್ಲುತ್ತದೆ.

ಮನೆಮಂದಿಯ ನಡುವೆ ಸಿಕ್ಕಿದ ಪ್ರಶ್ನೆ

ನಲವತ್ತೈದು ದಾಟಿದ ಗೃಹಸ್ಥನಿಗೆ ಈ ರೋಗ ಕೆರಳಿ, ವೈದ್ಯರು ಶಸ್ತ್ರಚಿಕಿತ್ಸೆಯ ಮಾತೆತ್ತಿದರೆಂದು ಇಟ್ಟುಕೊಳ್ಳಿ. ಮನೆಯಲ್ಲಿ ಏನಾಗುತ್ತದೆ? ತಾಯಿ ವೇಳಾಂಕಣಿಗೆ ಹರಕೆ ಹೊರುತ್ತಾರೆ. ಅಣ್ಣ, “ಕತ್ತಿ ಹಾಕಿಸಿಕೊಂಡರೆ ಮುಗಿಯಿತು, ಆಮೇಲೆ ಮನುಷ್ಯ ಮೊದಲಿನಂತೆ ಆಗುವುದಿಲ್ಲ” ಎನ್ನುತ್ತಾನೆ. ಭಾವಮೈದುನ, “ಎಷ್ಟು ವರ್ಷ ಮಾತ್ರೆ ನುಂಗುತ್ತೀರಿ ಭಾವ, ಒಮ್ಮೆಗೇ ತೆಗೆಸಿಬಿಡಿ” ಎನ್ನುತ್ತಾನೆ. ಧ್ಯಾನಕೂಟಕ್ಕೆ ಹೋಗಿಬಂದ ನೆರೆಯವರು, ವಿಶ್ವಾಸವಿದ್ದರೆ ಮಾತ್ರೆಯೂ ಬೇಡ ಕತ್ತಿಯೂ ಬೇಡ ಎನ್ನುತ್ತಾರೆ. ಹೆಂಡತಿ ಯಾವುದನ್ನೂ ಹೇಳಲಾರದೆ ಗುರುಗಳ ಬಳಿಗೆ ಬಂದು ಕೇಳುತ್ತಾರೆ: “ಫಾದರ್, ಇವರ ವಿಷಯದಲ್ಲಿ ದೇವರ ಚಿತ್ತ ಯಾವುದು? ನೀವೇ ಹೇಳಿಬಿಡಿ.”

ಈ ಪ್ರಶ್ನೆಯ ಹಿಂದೆ ಒಂದು ಕಲ್ಪನೆ ಅಡಗಿದೆ. ದೇವರು ಉತ್ತರವನ್ನು ಎಲ್ಲೋ ಬರೆದು ಮಡಿಚಿಟ್ಟಿದ್ದಾರೆ. ಅದು ಸಿಕ್ಕರೆ ಗೆದ್ದೆವು, ಸಿಗದಿದ್ದರೆ ಸೋತೆವು ಎಂಬ ಕಲ್ಪನೆ. ಪ್ರಿಯರೇ, ಪರಮ ತಂದೆ ತಮ್ಮ ಮಕ್ಕಳೊಡನೆ ಕಣ್ಣಾಮುಚ್ಚಾಲೆ ಆಡುವುದಿಲ್ಲ. ಅವರು ನಮಗೆ ಬುದ್ಧಿಯನ್ನು ಕೊಟ್ಟಿದ್ದಾರೆ, ವೈದ್ಯರನ್ನು ಕೊಟ್ಟಿದ್ದಾರೆ, ಒಬ್ಬರನ್ನೊಬ್ಬರು ಪ್ರೀತಿಸುವ ಕುಟುಂಬವನ್ನು ಕೊಟ್ಟಿದ್ದಾರೆ. ಇವುಗಳನ್ನು ಪ್ರಾಮಾಣಿಕವಾಗಿ ಬಳಸಿ ಮನಸ್ಸಾಕ್ಷಿ ತಲುಪುವ ತೀರ್ಮಾನದಲ್ಲಿಯೇ ದೇವರ ಚಿತ್ತ ನೆರವೇರುತ್ತದೆ.

ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಇಂದು ರಾತ್ರಿ ಮನೆಯಲ್ಲಿ ಓದಿ ನೋಡಿ. ವೈದ್ಯನನ್ನು ಗೌರವಿಸಬೇಕೆಂದು, ಮದ್ದನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ ಎಂದು ಅಲ್ಲಿ ಹೇಳಿದೆ. ಕಾಯಿಲೆ ಬಿದ್ದಾಗ ಪ್ರಾರ್ಥಿಸು, ಜೊತೆಗೆ ವೈದ್ಯನಿಗೂ ಜಾಗ ಕೊಡು ಎಂಬುದು ಅದರ ಬೋಧನೆ. ಅರಸ ಹಿಜ್ಕೀಯನಿಗಾಗಿ ದೇವರ ಮಾತನ್ನು ತಂದ ಪ್ರವಾದಿ ಯೆಶಾಯನೇ ಅವನ ಹುಣ್ಣಿಗೆ ಅಂಜೂರದ ಪಟ್ಟು ಹಾಕಲೂ ಹೇಳಿದ (ಯೆಶಾಯ 38:21). ಸ್ವಸ್ಥತೆಗಾಗಿ ಮಾಡುವ ಪ್ರಾರ್ಥನೆಗಳ ಬಗ್ಗೆ ರೋಮ್ 2000ದ ಸೆಪ್ಟೆಂಬರ್ 14ರಂದು ಹೊರಡಿಸಿದ ನಿರ್ದೇಶನವೂ ಇದನ್ನೇ ಹೇಳುತ್ತದೆ: ಪ್ರಾರ್ಥನೆಯು ಚಿಕಿತ್ಸೆಯನ್ನು ದೂರಮಾಡುವುದಿಲ್ಲ, ಅದನ್ನು ಬಳಸಲು ಪ್ರೋತ್ಸಾಹಿಸುತ್ತದೆ. ಆದ್ದರಿಂದ ಮಾತ್ರೆ ನಿಲ್ಲಿಸುವುದು ವಿಶ್ವಾಸದ ಗುರುತು ಎಂದು ಯಾರಾದರೂ ಹೇಳಿದರೆ, ಅದು ಧರ್ಮಸಭೆಯ ಬೋಧನೆಯಲ್ಲ ಎಂದು ಧೈರ್ಯವಾಗಿ ತಿಳಿಯಿರಿ.

ದೇವರು ಕೊಟ್ಟ ಅಂಗವನ್ನು ತೆಗೆಸಬಹುದೇ?

ಇನ್ನೊಂದು ಅಳುಕು ಹಿರಿಯರಲ್ಲಿ ಇದೆ. ದೇವರು ಕೊಟ್ಟ ದೇಹದಿಂದ ಒಂದು ಅಂಗವನ್ನೇ ತೆಗೆದುಹಾಕುವುದು ತಪ್ಪಲ್ಲವೇ? ಈ ಪ್ರಶ್ನೆಗೆ 13ನೆಯ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸರು ಉತ್ತರ ಕೊಟ್ಟಿದ್ದಾರೆ. ಅಂಗವು ಇರುವುದು ಇಡೀ ದೇಹಕ್ಕಾಗಿ. ರೋಗಗ್ರಸ್ತವಾದ ಅಂಗ ಇಡೀ ದೇಹವನ್ನೇ ಕೆಡಿಸುವಂತಿದ್ದರೆ, ಅದು ಯಾರದೋ ಅವರ ಒಪ್ಪಿಗೆಯಿಂದ ಅದನ್ನು ತೆಗೆಯುವುದು ಯುಕ್ತ. 1952ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ವೈದ್ಯವಿಜ್ಞಾನಿಗಳಿಗೆ ಮಾಡಿದ ಭಾಷಣದಲ್ಲಿ ಇದೇ ತತ್ತ್ವವನ್ನು ಮುಂದಿಟ್ಟರು.

ಹಾಗಾದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲೇಬೇಕೆಂಬ ಕಟ್ಟಳೆ ಇದೆಯೇ? ಅದೂ ಇಲ್ಲ. 16ನೆಯ ಶತಮಾನದ ಸ್ಪೇನಿನ ದೈವಶಾಸ್ತ್ರಜ್ಞ ಡೊಮಿಂಗೊ ದೆ ಸೋತೊ, ಅಂಗಚ್ಛೇದನದ ಘೋರ ನೋವನ್ನು ಸಹಿಸಲೇಬೇಕೆಂದು ಯಾರನ್ನೂ ಬಲವಂತಪಡಿಸಲಾಗದು ಎಂದರು. ಅದು ಅರಿವಳಿಕೆ ಇಲ್ಲದ ಕಾಲ. 1846ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಈಥರ್ ಬಳಕೆಯನ್ನು ಬಹಿರಂಗವಾಗಿ ತೋರಿಸಿದ ಮೇಲೆ ಆ ನೋವಿನ ಲೆಕ್ಕ ಬದಲಾಯಿತು, ತತ್ತ್ವ ಬದಲಾಗಲಿಲ್ಲ. 1957ರಲ್ಲಿ ಪಿಯುಸರು, 1980ರಲ್ಲಿ ರೋಮಿನ ವಿಶ್ವಾಸಬೋಧೆಯ ಪೀಠ ಮತ್ತೆ ಅದನ್ನೇ ವಿವರಿಸಿದರು. ಜೀವವನ್ನು ಕಾಪಾಡಿಕೊಳ್ಳಲು ಸಾಮಾನ್ಯ ಉಪಾಯಗಳನ್ನು ಬಳಸುವ ಕರ್ತವ್ಯ ನಮಗಿದೆ. ಆದರೆ ಒಂದು ಚಿಕಿತ್ಸೆಯಿಂದ ಆಗುವ ಹಿತವನ್ನೂ ಅದು ಹೊರಿಸುವ ಭಾರವನ್ನೂ ತೂಗಿ ನೋಡಬೇಕು. ಆ ತಕ್ಕಡಿಯನ್ನು ಹಿಡಿಯಬೇಕಾದ ಕೈ ರೋಗಿಯದು. ಗುರುವಿನದಲ್ಲ, ಅಣ್ಣನದಲ್ಲ, ಹೆಂಡತಿಯದೂ ಅಲ್ಲ.

ಹೇಗೆ ತೂಗುವುದು? ವಿವೇಕವೆಂಬ ಸದ್ಗುಣಕ್ಕೆ ಮೂರು ಹೆಜ್ಜೆಗಳಿವೆ ಎಂದು ಸಂತ ಥಾಮಸರು ಕಲಿಸುತ್ತಾರೆ. ಮೊದಲು ವಿಚಾರಿಸುವುದು, ನಂತರ ತೀರ್ಮಾನಿಸುವುದು, ಕೊನೆಗೆ ನಡೆದು ತೋರಿಸುವುದು. ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ವಿಚಾರಿಸುವುದು

ಔಷಧಿಗಳ ವಿಷಯದಲ್ಲಿ ನಿರಾಶೆಗೆ ಕಾರಣವಿಲ್ಲ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ ಕೀಲುವಾತಕ್ಕೆಂದು ಆರಂಭಿಸಿದ ಸಲ್ಫಾಸಲಜೀನ್ 1940ರ ದಶಕದಿಂದ ಈ ರೋಗಕ್ಕೆ ನೆರವಾಗುತ್ತಿದೆ. ಅದರಿಂದ ಬೆಳೆದುಬಂದ ಮೆಸಲಮೀನ್, ಸೌಮ್ಯ ಮತ್ತು ಮಧ್ಯಮ ರೋಗಕ್ಕೆ ಇಂದಿಗೂ ಮೊದಲ ಮದ್ದು. ಮಾತ್ರೆಯಾಗಿ ಮಾತ್ರವಲ್ಲ, ಗುದದ್ವಾರದ ಮೂಲಕ ಕೊಡುವ ಎನಿಮಾ ಆಗಿಯೂ ಅದು ಸಿಗುತ್ತದೆ. ಸಂಕೋಚದಿಂದ ಎನಿಮಾವನ್ನು ಬಿಟ್ಟು ಬರೀ ಮಾತ್ರೆ ನುಂಗುವವರು ಅರ್ಧ ಚಿಕಿತ್ಸೆಯನ್ನೇ ಬಿಟ್ಟಂತೆ. ರೋಗ ಕೆರಳಿದಾಗ ಸ್ಟೀರಾಯ್ಡ್ ಬೇಗ ಹತೋಟಿಗೆ ತರುತ್ತದೆ. 1955ರಲ್ಲಿ ಇಂಗ್ಲೆಂಡಿನ ವೈದ್ಯರಾದ ಟ್ರುಲವ್ ಮತ್ತು ವಿಟ್ಸ್ ಅದನ್ನು ಪ್ರಯೋಗದಿಂದ ತೋರಿಸಿದರು. ಆದರೆ ಸ್ಟೀರಾಯ್ಡ್ ಬೆಂಕಿ ಆರಿಸುವ ನೀರೇ ಹೊರತು ದಿನವೂ ಕುಡಿಯುವ ನೀರಲ್ಲ. ವರ್ಷಗಟ್ಟಲೆ ತೆಗೆದುಕೊಂಡರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತ, ಕಣ್ಣಿನ ಪೊರೆ ಬರಬಹುದು. ಮಧ್ಯವಯಸ್ಸಿನಲ್ಲಿ ಇವು ಮೊದಲೇ ಬಾಗಿಲಲ್ಲಿ ಕಾದು ನಿಂತಿರುತ್ತವೆ.

ಸ್ಟೀರಾಯ್ಡ್ ಬಿಡಿಸಲು ಅಜಥಯೊಪ್ರಿನ್ ಎಂಬ ಮಾತ್ರೆ ಇದೆ. ಅದರ ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಆಗಾಗ ರಕ್ತಪರೀಕ್ಷೆಯೂ ಬೇಕು. 2005ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಇಂಜೆಕ್ಷನ್‌ಗೆ ಅಮೆರಿಕದಲ್ಲಿ ಈ ರೋಗಕ್ಕಾಗಿ ಅನುಮತಿ ಸಿಕ್ಕಿತು. ಆಮೇಲೆ ಅಡಲಿಮ್ಯುಮ್ಯಾಬ್, ವೆಡೊಲಿಜುಮ್ಯಾಬ್, 2018ರಲ್ಲಿ ಟೊಫಾಸಿಟಿನಿಬ್ ಎಂಬ ಮಾತ್ರೆ ಹೀಗೆ ಒಂದರ ಹಿಂದೊಂದು ಬಂದಿವೆ. ಇವುಗಳಲ್ಲಿ ಕೆಲವು ನಮ್ಮ ದೇಶದಲ್ಲೇ ತಯಾರಾಗಿ ಮೊದಲಿಗಿಂತ ಕಡಿಮೆ ಬೆಲೆಗೆ ಸಿಗುತ್ತಿವೆ. ಆದರೂ ಇವು ಎಲ್ಲರಿಗೂ ಹಿಡಿಯುವುದಿಲ್ಲ. ಹಿಡಿದರೂ ಕೆಲವರಲ್ಲಿ ಕಾಲಕ್ರಮದಲ್ಲಿ ಬಲ ಕಳೆದುಕೊಳ್ಳುತ್ತವೆ. ಅಡಗಿದ ಕ್ಷಯವನ್ನು ಕೆಲವು ಎಬ್ಬಿಸಬಲ್ಲವಾದ್ದರಿಂದ ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಮೊದಲು ಆಗಬೇಕು. ವಯಸ್ಸಾದವರಿಗೆ, ಧೂಮಪಾನ ಮಾಡುವವರಿಗೆ, ಹೃದ್ರೋಗ ಇರುವವರಿಗೆ ಟೊಫಾಸಿಟಿನಿಬ್ ಕೊಡುವಾಗ ವೈದ್ಯರು ವಿಶೇಷ ಎಚ್ಚರ ವಹಿಸುತ್ತಾರೆ.

ಇನ್ನು ಶಸ್ತ್ರಚಿಕಿತ್ಸೆ. ಈ ರೋಗ ಇರುವುದು ದೊಡ್ಡ ಕರುಳಿನಲ್ಲಿ. ಅದನ್ನೂ ಗುದನಾಳವನ್ನೂ ತೆಗೆದರೆ ಕರುಳಿನ ರೋಗದ ನೆಲೆಯೇ ಹೋದಂತೆ. ಆಮೇಲೆ ಮಲ ಹೊರಹೋಗಲು ಎರಡು ದಾರಿಗಳಿವೆ. ಒಂದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಅಲ್ಲಿಗೆ ಚೀಲ ಅಂಟಿಸುವುದು. ಇನ್ನೊಂದು, ಸಣ್ಣ ಕರುಳಿನಿಂದಲೇ ಒಳಗೆ ಒಂದು ಸಂಚಿಯನ್ನು ಹೊಲಿದು ಗುದದ್ವಾರಕ್ಕೆ ಜೋಡಿಸುವುದು. ಈ ಎರಡನೆಯ ವಿಧಾನವನ್ನು 1978ರಲ್ಲಿ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕಲ್ಸ್ ಪ್ರಕಟಿಸಿದರು. ಇದು ಸಾಮಾನ್ಯವಾಗಿ ಎರಡು ಅಥವಾ ಮೂರು ಹಂತಗಳಲ್ಲಿ ನಡೆಯುತ್ತದೆ. ನಡುವೆ ಕೆಲವು ತಿಂಗಳು ಚೀಲ ಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯ ಮೇಲೆ ಎಲ್ಲವೂ ಹಿಂದಿನಂತೆ ಆಗುತ್ತದೆ ಎಂದು ಯಾರೂ ಮಾತು ಕೊಡಬಾರದು. ಸಂಚಿ ಇದ್ದವರು ದಿನಕ್ಕೆ ನಾಲ್ಕರಿಂದ ಎಂಟು ಬಾರಿ, ಕೆಲವೊಮ್ಮೆ ರಾತ್ರಿಯೂ ಶೌಚಕ್ಕೆ ಹೋಗಬೇಕಾಗುತ್ತದೆ. ಆದರೆ ಹಿಂದಿನ ಆ ರಕ್ತ, ಆ ಅವಸರ ಬಹುಪಾಲು ಇರುವುದಿಲ್ಲ. ಸುಮಾರು ಅರ್ಧದಷ್ಟು ಜನರಿಗೆ ಒಮ್ಮೆಯಾದರೂ ಸಂಚಿಯಲ್ಲಿ ಉರಿಯೂತ ಬರುತ್ತದೆ. ಅದು ಸಾಮಾನ್ಯವಾಗಿ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ. ಕೆಲವರಲ್ಲಿ ಸಂಚಿ ಕೈಕೊಟ್ಟು ಶಾಶ್ವತ ಚೀಲವೇ ಗತಿಯಾಗುತ್ತದೆ. ಗುದದ್ವಾರದ ಸ್ನಾಯುಗಳ ಬಿಗಿ ಕಡಿಮೆಯಾಗಿದ್ದರೆ, ಉದಾಹರಣೆಗೆ ಕಷ್ಟದ ಹೆರಿಗೆಗಳಾದ ತಾಯಂದಿರಲ್ಲಿ, ಸಂಚಿಗಿಂತ ಚೀಲವೇ ಒಳಿತಾಗಬಹುದು. ಚೀಲ ಇರುವವರು ನೀರು ಮತ್ತು ಉಪ್ಪನ್ನು ಬೇಗ ಕಳೆದುಕೊಳ್ಳುತ್ತಾರೆ, ಬೇಸಿಗೆಯಲ್ಲಿ ಓ.ಆರ್.ಎಸ್., ಉಪ್ಪು ಹಾಕಿದ ಗಂಜಿ ಅವರಿಗೆ ಬೇಕೇ ಬೇಕು. ದಾಂಪತ್ಯ ಜೀವನಕ್ಕೆ ಸಂಬಂಧಿಸಿದ ನರಗಳಿಗೆ ಪೆಟ್ಟಾಗುವ ಅಪಾಯ ಚಿಕ್ಕದಾದರೂ ಇದೆ. ಆದ್ದರಿಂದ ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಕುಳಿತು ಶಸ್ತ್ರವೈದ್ಯರನ್ನು ಕೇಳಬೇಕು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ವಿವಾಹವೂ ಒಂದು ಸಂಸ್ಕಾರವೇ.

ವಿಚಾರಿಸುವುದೆಂದರೆ ಬರೀ ದೊಡ್ಡವರನ್ನು ಕೇಳುವುದಲ್ಲ ಎಂಬುದಕ್ಕೆ ಒಂದು ನಿದರ್ಶನವಿದೆ. 2021ರ ಜುಲೈ 4ರಂದು ಪೋಪ್ ಫ್ರಾನ್ಸಿಸರು ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದರು. ಅವರ ಕಾಯಿಲೆ ಬೇರೆ. ಕರುಳಿನಲ್ಲಿ ಚೀಲದಂಥ ಉಬ್ಬುಗಳಾಗಿ ದಾರಿ ಕಿರಿದಾಗಿತ್ತು. ಆದರೆ ಗೊಂದಲ ಇದೇ ಆಗಿತ್ತು. ಕೆಲವರು ಆಂಟಿಬಯೋಟಿಕ್ ಸಾಕು ಎಂದರಂತೆ. ಅನುಭವಿ ದಾದಿಯೊಬ್ಬರು ಶಸ್ತ್ರಚಿಕಿತ್ಸೆ ಏಕೆ ಬೇಕೆಂದು ಬಿಡಿಸಿ ಹೇಳಿದರು. ಆ ದಾದಿಯೇ ತಮ್ಮ ಜೀವ ಉಳಿಸಿದವರೆಂದು ಪೋಪ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ರಸಾರವಾದ ರೇಡಿಯೊ ಸಂದರ್ಶನವೊಂದರಲ್ಲಿ ಸ್ಮರಿಸಿದರು. ಬಿಳಿ ನಿಲುವಂಗಿ ತೊಟ್ಟ ಪೋಪರೇ ಒಬ್ಬ ದಾದಿಯ ಮಾತಿಗೆ ಕಿವಿಗೊಟ್ಟರೆಂದರೆ, ನಾವು ಪ್ರಶ್ನೆ ಕೇಳಲು ಏಕೆ ಅಂಜಬೇಕು?

ಎರಡನೆಯ ಹೆಜ್ಜೆ: ತೀರ್ಮಾನಿಸುವುದು

ಕೆಲವು ಸಂದರ್ಭಗಳಲ್ಲಿ ಆಯ್ಕೆ ಎಂಬುದಿಲ್ಲ. ಕರುಳು ತೂತಾದರೆ, ಉಬ್ಬಿ ಒಡೆಯುವ ಹಂತಕ್ಕೆ ಬಂದರೆ, ರಕ್ತಸ್ರಾವ ನಿಲ್ಲದಿದ್ದರೆ, ಕ್ಯಾನ್ಸರ್ ಕಂಡುಬಂದರೆ ಶಸ್ತ್ರಚಿಕಿತ್ಸೆಯೇ ಮಾರ್ಗ. ರೋಗ ತೀವ್ರವಾಗಿ ಕೆರಳಿ ಆಸ್ಪತ್ರೆಗೆ ಸೇರಿದವರಿಗೆ ರಕ್ತನಾಳದ ಮೂಲಕ ಸ್ಟೀರಾಯ್ಡ್ ಕೊಡುತ್ತಾರೆ. ಮೂರನೆಯ ದಿನದ ಹೊತ್ತಿಗೆ ಫಲ ಕಾಣದಿದ್ದರೆ ವೈದ್ಯರು ಇನ್ನೊಂದು ಬಲವಾದ ಮದ್ದಿನ ಜೊತೆಗೆ ಶಸ್ತ್ರಚಿಕಿತ್ಸೆಯ ಮಾತನ್ನೂ ಎತ್ತುತ್ತಾರೆ. ಆಗ, “ಊರಿನಿಂದ ಚಿಕ್ಕಪ್ಪ ಬರಲಿ, ಆಮೇಲೆ ನೋಡೋಣ” ಎಂದು ದಿನ ದೂಡುವುದು ಪ್ರಾಣದೊಡನೆ ಆಟವಾಡಿದಂತೆ.

ಇನ್ನು ಕೆಲವು ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಗೆ ಅವಸರವಿಲ್ಲ. ರೋಗ ಸೌಮ್ಯವಾಗಿದ್ದರೆ, ಗುಣವಾಯಿತೆಂದು ಮಾತ್ರೆ ನಿಲ್ಲಿಸಿದ್ದೇ ಕೆರಳಲು ಕಾರಣವಾಗಿದ್ದರೆ, ಮೇಲೆ ಬೇರೊಂದು ಸೋಂಕು ಸೇರಿಕೊಂಡಿದ್ದರೆ, ಮೊದಲು ಅವನ್ನು ಸರಿಪಡಿಸಬೇಕು. ಈ ರೋಗವಿರುವ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದೇ ಇಲ್ಲ.

ಇವೆರಡರ ನಡುವೆ ಇರುವವರದೇ ನಿಜವಾದ ಸಂಕಟ. ಸ್ಟೀರಾಯ್ಡ್ ಇಳಿಸಿದ ಕೂಡಲೇ ರೋಗ ಏಳುತ್ತದೆ. ಹೊಸ ಮದ್ದುಗಳು ಅರ್ಧಂಬರ್ಧ ಹಿಡಿಯುತ್ತವೆ. ಬದುಕು ಕಕ್ಕಸಿನ ಸುತ್ತಲೇ ತಿರುಗುತ್ತದೆ. ರೋಗ ಹಳೆಯದಾದಷ್ಟೂ ಕರುಳಿನ ಕ್ಯಾನ್ಸರಿನ ಅಪಾಯ ಏರುತ್ತದೆ. ಆದ್ದರಿಂದಲೇ ಲಕ್ಷಣಗಳು ಕಾಣಿಸಿಕೊಂಡು ಎಂಟು ವರ್ಷವಾದ ಮೇಲೆ, ಆರೋಗ್ಯವಾಗಿದ್ದರೂ, ಕಾಲಕಾಲಕ್ಕೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕೆಂದು ವೈದ್ಯರು ಹೇಳುತ್ತಾರೆ. ಮೂವತ್ತರಲ್ಲಿ ರೋಗ ಬಂದವರು ಈ ಲೆಕ್ಕವನ್ನು ಎದುರಿಸುವುದು ನಲವತ್ತರ ಆಸುಪಾಸಿನಲ್ಲಿ. ಅದೇ ಹೊತ್ತಿಗೆ ಮಕ್ಕಳ ಓದು, ವೃದ್ಧ ತಂದೆತಾಯಿ, ಮನೆ ಸಾಲ ಎಲ್ಲವೂ ಹೆಗಲ ಮೇಲಿರುತ್ತವೆ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಯೇಸುಸ್ವಾಮಿ ಹೇಳಿದ ಸಾಮತಿ ನೆನಪಿದೆಯೇ (ಲೂಕ 14:28)? ನೀವೂ ಕುಳಿತುಕೊಳ್ಳಿ. ಒಂದು ಕಾಗದದ ಮೇಲೆ ಬರೆಯಿರಿ. ಕಳೆದ ಒಂದು ವರ್ಷದಲ್ಲಿ ಎಷ್ಟು ತಿಂಗಳು ಚೆನ್ನಾಗಿದ್ದೆ? ಎಷ್ಟು ಬಾರಿ ಸ್ಟೀರಾಯ್ಡ್ ಬೇಕಾಯಿತು? ಇನ್ನೂ ಪ್ರಯತ್ನಿಸದ ಮದ್ದು ಯಾವುದು, ಅದು ಹಿಡಿಯಿತೋ ಇಲ್ಲವೋ ಎಂದು ಎಷ್ಟು ತಿಂಗಳಲ್ಲಿ ಗೊತ್ತಾಗುತ್ತದೆ? ಅದರ ಖರ್ಚನ್ನು ವರ್ಷಗಟ್ಟಲೆ ಹೊರಬಲ್ಲೆನೇ? ಶಸ್ತ್ರಚಿಕಿತ್ಸೆ ಆದರೆ ಎಷ್ಟು ತಿಂಗಳು ಕೆಲಸ ಬಿಡಬೇಕು? ಈ ಶಸ್ತ್ರಚಿಕಿತ್ಸೆಯನ್ನು ಈ ವೈದ್ಯರು ಎಷ್ಟು ಬಾರಿ ಮಾಡಿದ್ದಾರೆ? ಕೊನೆಯದಾಗಿ ಇದನ್ನೂ ಬರೆಯಿರಿ: ನಾನು ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆ, ಆ ಹೆದರಿಕೆ ರೋಗದ್ದೋ, ನೋವಿನದ್ದೋ, ಜನರ ಬಾಯಿಯದ್ದೋ?

ನನಗೆ ಪರಿಚಯದ ಇಬ್ಬರ ವಿಷಯ ಹೇಳುತ್ತೇನೆ. ಒಬ್ಬರು 48 ವಯಸ್ಸಿನ ಶಾಲಾ ಶಿಕ್ಷಕರು. ಮೂರು ವರ್ಷ ಸ್ಟೀರಾಯ್ಡ್ ಹತ್ತುತ್ತಾ ಇಳಿಯುತ್ತಾ ಸಕ್ಕರೆ ಕಾಯಿಲೆಯೂ ಬಂತು, ಇಂಜೆಕ್ಷನ್ನೂ ಹಿಡಿಯಲಿಲ್ಲ. ತರಗತಿಯ ನಡುವೆ ಎದ್ದು ಓಡುವುದು ಅವರಿಗೆ ಸಾವಿಗಿಂತ ಹೆಚ್ಚಿನ ಅವಮಾನವಾಗಿತ್ತು. ಅವರು ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡರು; ಇಂದು ಚೀಲದೊಡನೆಯೇ ಪಾಠ ಮಾಡುತ್ತಾರೆ. ಇನ್ನೊಬ್ಬರು ಮನೆಯಲ್ಲಿ ಬಟ್ಟೆ ಹೊಲಿದು ಸಂಸಾರ ನಡೆಸುವ 44ರ ತಾಯಿ. ದುಡ್ಡಿನ ಅಡಚಣೆಯಿಂದ ಅವರು ಮಾತ್ರೆಯನ್ನು ಬಿಟ್ಟು ಬಿಟ್ಟು ತೆಗೆದುಕೊಂಡಿದ್ದರು. ವೈದ್ಯರೊಡನೆ ಕೂತು ಮಾತನಾಡಿ, ಮೊದಲು ಕ್ರಮವಾಗಿ ಮದ್ದು ತೆಗೆದುಕೊಳ್ಳುವೆನೆಂದು, ಆರು ತಿಂಗಳು ಬಿಟ್ಟು ಮತ್ತೆ ಯೋಚಿಸುವೆನೆಂದು ನಿರ್ಧರಿಸಿದರು. ಈಗ ಅವರಿಗೆ ಹಿಡಿತ ಸಿಕ್ಕಿದೆ. ಇಬ್ಬರೂ ಪ್ರಾರ್ಥಿಸಿದರು; ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಒಬ್ಬರದು ದೇವರ ಚಿತ್ತ, ಇನ್ನೊಬ್ಬರದು ಅಲ್ಲ ಎಂದು ಹೇಳಬಲ್ಲವರು ಯಾರು?

ಮೂರನೆಯ ಹೆಜ್ಜೆ: ನಡೆಯುವುದು

ವಿಚಾರಿಸಿ ತೀರ್ಮಾನಿಸಿದ ಮೇಲೂ ಎಷ್ಟೋ ಜನ ಅಲ್ಲೇ ನಿಲ್ಲುತ್ತಾರೆ. ಹಬ್ಬ ಕಳೆಯಲಿ, ಮಗಳ ಪರೀಕ್ಷೆ ಮುಗಿಯಲಿ, ಮಳೆಗಾಲ ದಾಟಲಿ. ವಿವೇಕದ ಮೂರು ಹೆಜ್ಜೆಗಳಲ್ಲಿ ಮೂರನೆಯದೇ ಮುಖ್ಯವೆಂದು ಸಂತ ಥಾಮಸರು ಹೇಳಿದ್ದು ಸುಮ್ಮನೆ ಅಲ್ಲ. ಕಾಯುವುದು ತಾಳ್ಮೆಯಂತೆ ಕಾಣುತ್ತದೆ. ಆದರೆ ಅದು ಎಷ್ಟೋ ಬಾರಿ ತಾಳ್ಮೆಯ ಅಂಗಿ ತೊಟ್ಟ ಭಯ. ದೇಹ ಸೊರಗಿ, ರಕ್ತ ಇಳಿದು, ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಮೈಯಲ್ಲಿರುವಾಗ ತುರ್ತಾಗಿ ಮಾಡುವ ಶಸ್ತ್ರಚಿಕಿತ್ಸೆಗಿಂತ, ಮೈಯಲ್ಲಿ ಶಕ್ತಿ ಇರುವಾಗ ದಿನ ಗೊತ್ತುಮಾಡಿ ಮಾಡುವುದು ಎಷ್ಟೋ ಸುರಕ್ಷಿತ. ಮದ್ದನ್ನು ಆರಿಸಿಕೊಂಡವರಿಗೂ ಇದೇ ಮಾತು. ಆರಿಸಿಕೊಂಡ ಮೇಲೆ ಒಂದು ದಿನವೂ ತಪ್ಪಿಸಬೇಡಿ, ಪರೀಕ್ಷೆಗೆ ಕರೆದ ದಿನ ಹೋಗಿ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಅಂಥ ಕೆಲವು ಮಾತ್ರೆಗಳು ಈ ರೋಗವನ್ನು ಕೆರಳಿಸಬಲ್ಲವು. ನಾಟಿ ಮದ್ದು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಖರ್ಚಿನ ಬಗ್ಗೆಯೂ ಮುಂಚಿತವಾಗಿ ವಿಚಾರಿಸಿ. ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಇದೆ. ನಿಮ್ಮ ಚಿಕಿತ್ಸೆ ಅದರಲ್ಲಿ ಸೇರುತ್ತದೆಯೇ, ಯಾವ ಕಾಗದಪತ್ರ ಬೇಕು ಎಂದು ಆಸ್ಪತ್ರೆಗೆ ಸೇರುವ ಮೊದಲೇ ಕೇಳಿಕೊಳ್ಳಿ.

ಚೀಲ ಮತ್ತು ನಾಚಿಕೆ

ಪ್ರಾಮಾಣಿಕವಾಗಿ ಹೇಳುವುದಾದರೆ, ಹಲವರು ಶಸ್ತ್ರಚಿಕಿತ್ಸೆಗೆ ಹಿಂಜರಿಯುವುದು ಕತ್ತಿಯ ಭಯದಿಂದಲ್ಲ, ಚೀಲದ ನಾಚಿಕೆಯಿಂದ. ವಾಸನೆ ಬಂದೀತೇ, ಹೆಂಡತಿ ಅಸಹ್ಯಪಟ್ಟಾಳೇ, ದೇವಾಲಯದಲ್ಲಿ ಪಕ್ಕದವರು ಸರಿದು ಕೂತಾರೇ ಎಂಬ ಯೋಚನೆ ಅವರನ್ನು ಕೊರೆಯುತ್ತದೆ. ಇಂದಿನ ಚೀಲಗಳು ಬಟ್ಟೆಯೊಳಗೆ ಕಾಣದಂತೆ ಕೂರುತ್ತವೆ. ಸರಿಯಾಗಿ ಅಂಟಿಸಿದರೆ ವಾಸನೆಯನ್ನು ಹೊರಬಿಡುವುದಿಲ್ಲ. ಅದನ್ನು ಬದಲಿಸಲು ತರಬೇತಾದ ದಾದಿಯರು ಕಲಿಸಿಕೊಡುತ್ತಾರೆ.

1981ರ ಮೇ 13ರಂದು ರೋಮಿನಲ್ಲಿ ಪೋಪ್ ಎರಡನೆಯ ಜಾನ್ ಪಾಲರ ಮೇಲೆ ಗುಂಡು ಹಾರಿದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು. ಗೊತ್ತಿಲ್ಲದ್ದು ಇದು: ಗುಂಡಿನಿಂದ ಛಿದ್ರವಾದ ಕರುಳಿನ ಭಾಗವನ್ನು ವೈದ್ಯರು ಕತ್ತರಿಸಿ ತೆಗೆದು, ಮಲ ಹೊರಹೋಗಲು ಹೊಟ್ಟೆಯ ಮೇಲೆ ತಾತ್ಕಾಲಿಕ ದಾರಿ ಮಾಡಿದ್ದರು. ಆಗಸ್ಟ್ 5ರಂದು ಅದನ್ನು ಮುಚ್ಚುವವರೆಗೆ ಆ ಪೋಪ್ ಹಾಗೆಯೇ ಬದುಕಿದರು. 2014ರಲ್ಲಿ ಧರ್ಮಸಭೆ ಸಂತರೆಂದು ಸಾರಿದ್ದು ಅವರನ್ನೇ. ಅವರ ಪಾವಿತ್ರ್ಯಕ್ಕೆ ಅದರಿಂದ ಕುಂದು ಬರಲಿಲ್ಲವೆಂದ ಮೇಲೆ ನಿಮ್ಮ ಮಾನಕ್ಕೆ ಬಂದೀತೇ? ಅವರೇ 1984ರ ಫೆಬ್ರವರಿ 11ರಂದು ನೋವಿನ ಅರ್ಥವನ್ನು ಕುರಿತು ಪ್ರೇಷಿತ ಪತ್ರ ಬರೆದು, ಒಬ್ಬನ ನೋವು ಇನ್ನೊಬ್ಬನಲ್ಲಿ ಪ್ರೀತಿಯನ್ನು ಎಬ್ಬಿಸಬೇಕೆಂದು ಒಳ್ಳೆಯ ಸಮಾರಿಯದವನ ಸಾಮತಿಯ ಮೂಲಕ ವಿವರಿಸಿದರು.

ದೇಹದಲ್ಲಿ ಕೀಳೆಂದು ನಾವೆಣಿಸುವ ಅಂಗಗಳಿಗೇ ನಾವು ಹೆಚ್ಚು ಮಾನ ಕೊಡುತ್ತೇವೆ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದರು (1 ಕೊರಿಂಥ 12:22-24). ಅವರ ಮಾತು ಧರ್ಮಸಭೆ ಎಂಬ ದೇಹಕ್ಕೂ ಅನ್ವಯಿಸುತ್ತದೆ. ಆದ್ದರಿಂದ ಮನೆಯವರಲ್ಲಿ ನನ್ನ ವಿನಂತಿ: ರೋಗಿಯ ಎದುರು ಮೂಗು ಮುಚ್ಚಬೇಡಿ, ಅವರ ಸಂಕಟವನ್ನು ನೆಂಟರ ನಡುವೆ ಕಥೆ ಮಾಡಬೇಡಿ. ಅವರ ಪರವಾಗಿ ತೀರ್ಮಾನ ಮಾಡಬೇಡಿ; ಅವರು ತೀರ್ಮಾನಿಸುವಾಗ ಜೊತೆಗಿರಿ. ಧರ್ಮಕೇಂದ್ರದವರಲ್ಲಿ ವಿನಂತಿ: ದೇವಾಲಯದ ಬಳಿ ಶುಚಿಯಾದ, ನೀರಿರುವ, ಪೂಜೆಯ ವೇಳೆ ಬೀಗ ಹಾಕದ ಶೌಚಾಲಯ ಇರಲಿ. ಅದೂ ಒಂದು ದಯಾಕಾರ್ಯವೇ.

ಸಂಸ್ಕಾರಗಳ ಬಲ

ರೋಗಿಗಳ ಅಭ್ಯಂಗ ಸಂಸ್ಕಾರ ಸಾಯುವವರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಇನ್ನೂ ಹೋಗಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಅದನ್ನು ತಿದ್ದಿತು. ಗಂಭೀರ ರೋಗದ ಕಾರಣ ಶಸ್ತ್ರಚಿಕಿತ್ಸೆಗೆ ಹೋಗುವವರು ಅದಕ್ಕೂ ಮೊದಲು ಈ ಸಂಸ್ಕಾರವನ್ನು ಪಡೆಯಬಹುದು. ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಗುರುಗಳನ್ನು ಮನೆಗೆ ಕರೆಯಿರಿ. ಮನೆಮಂದಿಯೆಲ್ಲ ಸುತ್ತ ಸೇರಿ ಪ್ರಾರ್ಥಿಸಿರಿ (ಯಾಕೋಬ 5:14). ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಕಡ್ಡಾಯವಲ್ಲ. ತಪಸ್ಸುಕಾಲದ ಉಪವಾಸವೂ ಹಾಗೆಯೇ. ಹೊಟ್ಟೆಗಿಲ್ಲದೆ ಮಾತ್ರೆ ನುಂಗಿ ಪುಣ್ಯ ಸಂಪಾದಿಸಬೇಕಾಗಿಲ್ಲ. ರೋಗ ಕೆರಳಿದ ಭಾನುವಾರ ದೇವಾಲಯಕ್ಕೆ ಬರಲಾಗದಿದ್ದರೆ ಅದು ಪಾಪವಲ್ಲ. ಹೇಳಿಕಳಿಸಿ, ಪರಮಪ್ರಸಾದವೇ ನಿಮ್ಮ ಮನೆಗೆ ಬರುತ್ತದೆ.

ಆ ತಾಯಿ ಹಿಂದಿನಿಂದ ಬಂದು ಬಟ್ಟೆಯ ಅಂಚನ್ನು ಮುಟ್ಟಿದ ಮೇಲೆ ಯೇಸುಸ್ವಾಮಿ ಅವಳನ್ನು ಹಾಗೆಯೇ ಹೋಗಗೊಡಲಿಲ್ಲ. ತಿರುಗಿ ನೋಡಿ ವಿಚಾರಿಸಿದರು. ಅವಳು ನಡುಗುತ್ತಾ ಬಂದು ನಡೆದುದೆಲ್ಲವನ್ನೂ ಎಲ್ಲರ ಮುಂದೆ ಹೇಳಿದಳು. ಹನ್ನೆರಡು ವರ್ಷ ವೈದ್ಯರ ಬಳಿ ಹೋದದ್ದಕ್ಕೆ ಅವರು ಅವಳನ್ನು ಗದರಿಸಲಿಲ್ಲ. ಮಗಳೇ ಎಂದು ಕರೆದು ಶಾಂತಿಯಿಂದ ಕಳಿಸಿದರು. ನೀವೂ ನಿಮ್ಮ ಸಂಕಟವನ್ನು ಮೊದಲು ಒಬ್ಬರೊಡನೆ ಬಾಯಿಬಿಟ್ಟು ಹೇಳಿ. ವೈದ್ಯರೊಡನೆ, ಸಂಗಾತಿಯೊಡನೆ, ಗುರುವಿನೊಡನೆ, ಯಾರೊಡನೆಯಾದರೂ ಸರಿ. ಬಳಿಕ ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ಪ್ರಾರ್ಥಿಸಿ. ತೀರ್ಮಾನ ಮಾಡಿ. ಮಾಡಿದ ಮೇಲೆ, “ಇನ್ನೊಂದು ದಾರಿ ಹಿಡಿದಿದ್ದರೆ?” ಎಂದು ರಾತ್ರಿಯಿಡೀ ಕೊರಗಬೇಡಿ. ಶುದ್ಧ ಮನಸ್ಸಿನಿಂದ ಹಿಡಿದ ದಾರಿಯಲ್ಲಿ ಪ್ರಭು ನಿಮಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ಆರೋಗ್ಯಮಾತೆ ಮರಿಯಮ್ಮನವರು ನಿಮಗಾಗಿ ಬಿನ್ನಹ ಮಾಡಲಿ.